ಸುರಪುರದ ಏರು, ಸಾದಾ ಪೆಟ್ರೋಲು

ನನ್ನ ನಾದಿನಿ ಶಿವಲೀಲಾ ಕಾರು ಓಡಿಸಿ ದುಡಿಯುತ್ತಾಳೆ ಎಂದರೆ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ, ಚೇಷ್ಟೆಗೆ ಹೇಳಿದೆನೋ ಎಂದು. ಚೇಷ್ಟೆಯಲ್ಲ. ಬೆಳಿಗ್ಗೆ ರಂಗಂಪೇಟೆಯ ನಮ್ಮ ಮನೆಯಿಂದ ಹೊರಟು, ನಾಲ್ವರು ಶಿಕ್ಷಕಿಯರನ್ನು ಹತ್ತಿಸಿಕೊಂಡು ಕೆಂಭಾವಿಯ ಶಾಲೆಗೆ ಬಿಡುವುದು, ಸಂಜೆ ಮತ್ತೆ ಕರೆತರುವುದು ಅವಳ ಕೆಲಸ. ಕುರಿ ಸಾಕುವ ಮನೆಯ ಮಗಳು. ಎರಡೂ ಕಂಕುಳಲ್ಲಿ ಮರಿ ಅವುಚಿಕೊಂಡು ಹಳ್ಳ ದಾಟಿದ ಕೈಗಳು ಈಗ ಸ್ಟೇರಿಂಗ್ ಹಿಡಿದಿವೆ.

ನಾನು ಕಲಬುರಗಿಯಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದವಳು. ಸ್ಕೂಟಿ ಕಲಿಯುವ ಧೈರ್ಯವೂ ಬರಲಿಲ್ಲ. ನನ್ನ ಕೂಸು ಮಲ್ಲು ಒಂದು ಸಲ ಸೀನಿದರೆ ಸಾಕು, ಫೋನಿನಲ್ಲಿ ರೋಗಗಳ ಹೆಸರು ಹುಡುಕುತ್ತ ಕೂರುತ್ತೇನೆ. "ವೈನಿ, ಸೀನು ಬಂದ್ರ ಸೀನಬೇಕ್ರಿ. ಅದಕ್ಯಾಕ ಫೋನು?" ಎಂದು ಶಿವಲೀಲಾ ನಗುತ್ತಾಳೆ.

ಈ ಚಳಿಗಾಲದಲ್ಲಿ ಅವಳ ನಗು ನಿಂತಿತು. ಕಾರು ಏರು ಹತ್ತಲು ಒಲ್ಲೆನ್ನತೊಡಗಿತ್ತು. ಫರ್ಹೀನ್ ಟೀಚರ್ ಮನೆ ಸುರಪುರದ ಏರಿನ ತುದಿಯಲ್ಲಿದೆ. ಉಳಿದ ಮೂವರನ್ನು ಕೂರಿಸಿಕೊಂಡು ಅಲ್ಲಿಗೆ ಹೋಗಬೇಕು. ಒಂದು ಬೆಳಿಗ್ಗೆ ಗಾಡಿ ನಡುವೆಯೇ ಏದುಸಿರು ಬಿಟ್ಟು ನಿಂತಿತು. ಮೂವರೂ ಸೀರೆಯ ನಿರಿಗೆ ಎತ್ತಿಕೊಂಡು ಇಳಿದು ನಡೆದರು. ಪಕ್ಕದಲ್ಲೇ ತನ್ನ ಟಂಟಂ ಆಟೋ ನಿಲ್ಲಿಸಿಕೊಂಡಿದ್ದ ಜಾಹೀದ ಬಿಟ್ಟಾನೆಯೇ?

"ಶಿವಲೀಲಕ್ಕಾ, ಹಿಂದ ನಿಂತು ಕುರಿ ಹೊಡದಂಗ ಹುರ್ರ್ ಅನ್ನು, ಏರ್ತದ!"

"ನಿನ್ನ ಟಂಟಂ ಇಳಿಜಾರಿನಾಗೂ ಅಳತದಲ್ಲೋ, ಅದರ ಕಣ್ಣೀರು ಒರಸು ಮೊದಲ!" ಎಂದು ಅವಳು ತಿರುಗಿಸಿ ಕೊಟ್ಟಳಂತೆ. ಆದರೆ ಮನೆಗೆ ಬಂದಾಗ ಮುಖ ಸಣ್ಣದಾಗಿತ್ತು. ಫರ್ಹೀನ್ ಟೀಚರ್ ಕಡ್ಡಿ ಮುರಿದಂತೆ ಹೇಳಿದ್ದರು: "ನಿನ್ನ ಮ್ಯಾಲ ಸಿಟ್ಟಿಲ್ಲವ್ವ. ಆದ್ರ ಪ್ರಾರ್ಥನಾ ತಪ್ಪಿದ್ರ ಹೆಡ್‌ಮಾಸ್ತರು ಬಿಡಂಗಿಲ್ಲ. ಸೋಮಾರ ಗಾಡಿ ಏರಲಿಲ್ಲಂದ್ರ ನಾವು ಬ್ಯಾರೆ ನೋಡಕೋತೀವಿ."

ಈ ನಾಲ್ವರು ಕೈಬಿಟ್ಟರೆ ಕಾರು ಅಂಗಳದಲ್ಲಿ ನಿಲ್ಲುತ್ತದೆ. 'ಹೆಣ್ಮಗಳಿಗ್ಯಾಕ ಗಾಡಿ' ಎಂದ ಬಳಗದ ಬಾಯಿಗೆ ಸಕ್ಕರೆ ಬೀಳುತ್ತದೆ. ನನಗಂತೂ ಅನ್ನ ಸೇರಲಿಲ್ಲ.

ಮಾವ ಮಲ್ಕಪ್ಪನವರಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಒಂದು ಕಾಲಕ್ಕೆ ಕಾಳಗದ ಟಗರು ಸಾಕಿದವರು ಅವರು. "ಪವರ್ ಪೆಟ್ರೋಲ್ ಹಾಕಸು ಯವ್ವಾ. ಟಗರಿಗೆ ಹುರುಳಿ, ತತ್ತಿ ತಿನ್ಸಲಾರದ ಕಣಕ್ಕ ಬಿಡ್ತಾರೇನು? ಬರೇ ಸಾದಾ ಕುಡಿಸಿದ್ರ ಏನ್ ಏರ್ತದ ಅದು?"

ನಾನು ಆಗಲೇ ಫೋನಿನಲ್ಲಿ ಓದಿ ಮುಗಿಸಿದ್ದೆ. "ಮಾವಾರ, ತುಟ್ಟಿ ಪೆಟ್ರೋಲಿನಾಗ ಶಕ್ತಿ ಹೆಚ್ಚಿರಂಗಿಲ್ರಿ. ಅದು ಎಂಜಿನ್ ಒಳಗ ಅವಸರ ಮಾಡಿ ಹೊತ್ತಂಗಿಲ್ಲ, ಅಷ್ಟ. ಭಾಳ ಒತ್ತಡದ ಎಂಜಿನ್ನಿಗೆ ಅದು ಬೇಕು. ನಮ್ಮ ಗಾಡಿಗೆ ಸಾದಾನೇ ಸಾಕು."

"ಚಲೋ ಇರಲಾರದ ಯಾಕ ತುಟ್ಟಿ ಮಾಡ್ಯಾರ? ಹಂಗಾರ ನೀ ಯಾಕ ಕೂಸಿಗೆ ಡಬ್ಬಿ ಹಾಲು ತರಸ್ತಿ? ಹಟ್ಟಿಯಾಗಿನ ಆಡಿನ ಹಾಲು ಸಾಲದೇನು?"

ನಾನು ಮತ್ತೆ ಫೋನು ತೆರೆದೆ. ಮಾವನವರೇ ಸರಿಯಿದ್ದರೆ? ನನ್ನ ಮಾತು ಕೇಳಿ ಅವಳ ಕೆಲಸ ಹೋದರೆ?

ಶಿವಲೀಲಾ ಇಬ್ಬರನ್ನೂ ಸುಮ್ಮನಾಗಿಸಿದಳು. "ಹಟ್ಟಿಯಾಗ ಮೇವಿನ ಸಲುವಾಗಿ ಯಾರಾರ ವಾದ ಮಾಡ್ತಾರೇನ್ರಿ? ಎರಡೂ ತಿನ್ಸಿ ಕುರಿ ನಡಿಗಿ ನೋಡ್ತಾರ. ಐತಾರ ನೋಡೂಣು."

ಭಾನುವಾರ ಟ್ಯಾಂಕು ಬರಿದಾಗುವವರೆಗೆ ಓಡಿಸಿ, ಮೊದಲು ಪವರ್ ಹಾಕಿಸಿದಳು. ಶಿಕ್ಷಕಿಯರ ಜಾಗದಲ್ಲಿ ಹುರುಳಿ ಚೀಲಗಳು, ಮುಂದಿನ ಸೀಟಿನಲ್ಲಿ ರುಮಾಲು ಬಿಗಿದ ಮಾವ. ನಾನು ಮಲ್ಲುವನ್ನು ಅತ್ತೆಯ ಕೈಗೆ ಕೊಟ್ಟು, ದೊಡ್ಡದೊಂದು ಕಲ್ಲು ಹೊತ್ತು ರಸ್ತೆಯ ಅಂಚಿನಲ್ಲಿ ಏದುತ್ತ ನಡೆದೆ. ಗಾಡಿ ಹಿಂದಕ್ಕೆ ಜಾರಿದರೆ? "ಆ ಕಲ್ಲಿನ ಬದಲಿ ನೀವೇ ಕುಂದರ್ರಿ ವೈನಿ, ಗಾಡಿ ಅಂಜಿ ಓಡತದ!" ಎಂದು ಅವಳು ಕಿಟಕಿಯಿಂದ ಕೂಗಿದಳು. ಮುರುಕು ಗೋಡೆಯ ತಿರುವಿನಲ್ಲಿ ಗಾಡಿ ನಿಂತಿತು. ಅಲ್ಲೇ ಗೋಡೆಗೆ ಸುಣ್ಣದ ಗೀಟು ಎಳೆದಳು.

ಕೆಂಭಾವಿ ರಸ್ತೆಯಲ್ಲಿ ಆ ಪೆಟ್ರೋಲು ತೀರಿಸಿ ಬಂದು ಸಾದಾ ಹಾಕಿಸಿದಳು. ಅದೇ ಚೀಲ, ಅದೇ ಮಾವ, ಅದೇ ಏರು. ಗಾಡಿ ನಿಂತದ್ದೂ ಅದೇ ಗೀಟಿನ ಬಳಿ.

ನಾನು ಗೆದ್ದಂತಾಯಿತು. ಆದರೆ ಅಂಥ ಗೆಲುವು ಯಾರಿಗೆ ಬೇಕು? ಬೆಳಗಾದರೆ ಸೋಮವಾರ. ಮಾವ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು.

ಶಿವಲೀಲಾ ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಮೆಲ್ಲಗೆ ಅಂದಳು: "ಅಪ್ಪಾ, ಮೇವು ಬದಲಿ ಮಾಡಿದ್ರೂ ಕುರಿ ಅಲ್ಲೇ ತೇಕತದಂದ್ರ ಮೇವಿನ ತಪ್ಪಲ್ಲ. ಅದಕ್ಕ ಉಸಿರು ಸಾಲವಲ್ದು."

"ಏರ್ ಫಿಲ್ಟರ್!" ಎಂದು ನಾನು ಕಿರುಚಿಬಿಟ್ಟೆ. ಗಾಳಿ ಒಳಗೆ ಹೋಗುವ ದಾರಿ. ಅದನ್ನೂ ಓದಿದ್ದೆ, ಓದಿದ್ದರ ರಾಶಿಯಲ್ಲಿ ಮರೆತಿದ್ದೆ.

ಬಾನೆಟ್ ಎತ್ತಿ, ಫಿಲ್ಟರಿನ ಡಬ್ಬಿಯ ಕ್ಲಿಪ್ಪು ಬಿಚ್ಚಿದಳು. ಒಳಗೆ ಫಿಲ್ಟರು ಕಾಣಲೇ ಇಲ್ಲ. ಕಪ್ಪು ಉಣ್ಣೆಯ ಎಳೆಗಳು ಅದರ ಮೇಲೆ ಹಾಸಿ ಕೂತಿದ್ದವು, ಬೆರಳಿಟ್ಟರೆ ಪದರವಾಗಿ ಎದ್ದು ಬಂದವು.

ನಾವಿಬ್ಬರೂ ಮಾವನ ಕಡೆ ತಿರುಗಿದೆವು. ಅವರು ಬೇರೆ ಕಡೆ ನೋಡಿದರು.

"ಥಂಡಿ ಭಾಳಿತ್ತವ್ವ," ಎಂದರು ಕೊನೆಗೆ. "ಈಗಷ್ಟ ಹುಟ್ಟಿದ ಮರಿಗೆ ಹೊಚ್ಚಂಗಿಲ್ಲೇನು? ಹಂಗ ರಾತ್ರಿ ಎಂಜಿನ್ ಮ್ಯಾಲ ಹಳೇ ಕಂಬಳಿ ಹೊಚ್ಚತಿದ್ದೆ. ನೀ ಮುಂಜಾನಿ ಚಾಲೂ ಮಾಡಿ ಒಳಗ ಚಾ ಕುಡಿಯಾಕ ಹೋಗತಿದ್ದೆಲ್ಲ, ಅದು ಬೆಚ್ಚಗಾದ ಮ್ಯಾಲ ತಗೀತಿದ್ದೆ."

ಓಡುವ ಎಂಜಿನ್ನು ಗಾಳಿಯ ಜೊತೆ ಕಂಬಳಿಯ ಎಳೆಗಳನ್ನೂ ಎಳೆದುಕೊಂಡಿತ್ತು. ಬೆಂಕಿ ಹೊತ್ತಿದ್ದರೆ ಏನಾಗುತ್ತಿತ್ತು? ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಶಿವಲೀಲಾ ನಗತೊಡಗಿದ್ದಳು, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು. "ಅಪ್ಪಾ, ನಿನ್ನ ಪ್ರೀತಿಗೆ ಮರಿ ಉಸಿರುಗಟ್ಟಿತ್ತಲ್ಲೋ!"

ಅಂದು ಸಂಜೆಯೇ ಶಹಾಪುರದ ಅಂಗಡಿಯಿಂದ ಹೊಸ ಫಿಲ್ಟರ್ ತಂದು ಅವಳೇ ಕೂರಿಸಿದಳು. ಟ್ಯಾಂಕಿನಲ್ಲಿ ಅದೇ ಸಾದಾ ಪೆಟ್ರೋಲು.

ಸೋಮವಾರ ಬೆಳಿಗ್ಗೆ ಮಲ್ಲುವಿಗೆ ಟೋಪಿಯ ಮೇಲೆ ಟೋಪಿ ಹಾಕಿ, ಮಾವನ ಜೊತೆ ಏರಿನ ತುದಿಯಲ್ಲಿ ನಿಂತಿದ್ದೆ. ಕೆಳಗೆ ಕಾರು ಕಾಣಿಸಿತು, ಮೂವರು ಟೀಚರುಗಳ ಭಾರ ಹೊತ್ತು. ಮುರುಕು ಗೋಡೆಯ ತಿರುವು ಬಂತು. ನಾನು ಕಣ್ಣು ಮುಚ್ಚಿದೆ. ಎಂಜಿನ್ ಸದ್ದು ನಿಲ್ಲಲಿಲ್ಲ, ಹತ್ತಿರಾಯಿತು, ಇನ್ನೂ ಹತ್ತಿರಾಯಿತು. ಕಣ್ಣು ಬಿಟ್ಟಾಗ ಕಾರು ನನ್ನನ್ನು ದಾಟಿ ಫರ್ಹೀನ್ ಟೀಚರ್ ಬಾಗಿಲ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಅವರಿನ್ನೂ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತ ಹೊರಬಂದರು.

"ಅಯ್ಯ, ಇಷ್ಟ ಲಗೂನ? ಏನ್ ಕುಡಿಸಿದೆವ್ವ ಗಾಡಿಗೆ?"

"ಸಾದಾ ರೀ ಟೀಚರ್! ಬರ್ರಿ, ಕುಂದರ್ರಿ, ಇವತ್ತು ಹೆಡ್‌ಮಾಸ್ತರ್‌ಗಿಂತ ಮೊದಲ ನಿಮ್ಮನ್ನ ಮುಟ್ಟಸ್ತೀನಿ!"

ಮಾವ ತಡೆಯಲಾರದೆ ಸೊಂಟದ ಚೀಲಕ್ಕೆ ಕೈ ಹಾಕಿದರು. ಗೆದ್ದ ಟಗರಿಗೆ ಎರಚುವ ಭಂಡಾರ ಹಿಡಿಗಟ್ಟಲೆ ಹಾರಿತು. "ಮಾವಾರ, ಎಂಜಿನ್ ಕಡಿ ಬ್ಯಾಡ್ರಿ!" ಎಂದು ನಾನು ಬಡಕೊಂಡೆ. ಕಾರು ಆಗಲೇ ಹೊರಟಿತ್ತು. ಹಳದಿ ಪುಡಿಯೆಲ್ಲ ಮಲ್ಲುವಿನ ಟೋಪಿಯ ಮೇಲೆ ಬಿತ್ತು. ಅವನು ಸೀನಿದ. ನಾನು ಫೋನು ತೆಗೆಯಲಿಲ್ಲ. ಕೆಂಭಾವಿಯ ಕಡೆಗೆ ಓಡುತ್ತಿದ್ದ ಕಾರಿಗೆ ಅವನ ಕೈಯೆತ್ತಿ ಬೀಸಿಸಿದೆ.