ಯುಗಾದಿಯ ದಿನ ಹೊರಗಿಟ್ಟ ಸಸಿಗಳು

ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಮನೆಯಲ್ಲಿ ಆ ವರ್ಷ ಫೆಬ್ರವರಿಯಲ್ಲೇ ಖಾಲಿ ಮೊಸರಿನ ಡಬ್ಬಿಗಳಿಗೆ ಮಣ್ಣು ತುಂಬಿ ಚೆಂಡುಹೂವಿನ ಬೀಜ ಹಾಕಿದ್ದೆ. ಕಿಟಕಿಯ ಬಿಸಿಲು ಎತ್ತ ಸರಿದರೆ ಅತ್ತ ಡಬ್ಬಿಗಳನ್ನೂ ಸರಿಸುತ್ತಿದ್ದೆ. ಆರು ವಾರದಲ್ಲಿ ನನ್ನ ಗಂಡ ಒಂದು ಲೋಟ ನೀರು ಹಾಕಿದವನಲ್ಲ.

ಯುಗಾದಿಯ ಬೆಳಿಗ್ಗೆ ಮಾತ್ರ ಅಷ್ಟನ್ನೂ ಹೊತ್ತು ಹಿತ್ತಲಿನ ಮರದ ಡೆಕ್ಕಿನ ಮೇಲೆ ಸಾಲಾಗಿ ಇಟ್ಟ. ಇನ್ನೂ ರಾತ್ರಿ ಫ್ರಾಸ್ಟ್ ಬೀಳುವ ಕಾಲ, ಇಬ್ಬನಿ ಹೆಪ್ಪುಗಟ್ಟಿ ಎಳೆ ಸಸಿ ಸುಟ್ಟುಹೋಗುತ್ತೆ, ಒಳಗೇ ಇರಲಿ ಎಂದೆ.

“ಯುಗಾದಿ ಬಂತಲ್ಲ, ಇನ್ನೆಲ್ಲಿ ಚಳಿ? ಸಂಜೆ ನಾನೇ ಒಳಗೆ ಇಡ್ತೀನಿ ಬಿಡು,” ಎಂದ. ಫೋಟೋ ತೆಗೆದು ಅವರ ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ‘ನನ್ನ ಗಾರ್ಡನ್’ ಎಂದು ಹಾಕಿದ. ಹಬ್ಬದ ರಾಶಿ ಪಾತ್ರೆ ತಿಕ್ಕುತ್ತಿದ್ದ ನಾನು ಅವನ ಮಾತು ನಂಬಿದ್ದೆ. ಒಬ್ಬಟ್ಟು ತಿಂದು ಮಲಗಿದವನಿಗೆ ಡಬ್ಬಿಗಳ ನೆನಪೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಗೆ ಮಲಗಿದ್ದವು. ಅವನು ಕಾಫಿ ಕುಡಿಯುತ್ತಾ ಫೋನ್ ನೋಡುತ್ತಿದ್ದ.

“ಹೂ ಯಾವಾಗ ಬಿಡುತ್ತೆ ಅಂತ ಅಮ್ಮ ಕೇಳ್ತಿದ್ದಾರೆ,” ಎಂದ.

ಡೆಕ್ಕಿಗೆ ಹೋಗಿ ನಾನೂ ಒಂದು ಫೋಟೋ ತೆಗೆದೆ. ಅದೇ ಗ್ರೂಪಿಗೆ ಹಾಕಿ ಕೆಳಗೆ ಬರೆದೆ: ‘ಅತ್ತೆ, ನಿಮ್ಮ ಮಗನ ಗಾರ್ಡನ್.’