ಗಾದಿಯ ಮೇಲೆ ಇಳಿದ ಟ್ಯಾಂಕಿ

ತ್ಯಾವಣಿಗೆಯ ಚಮನಬಿಯ ಗಾಡಿ ಬಂತೆಂದರೆ ಊರ ಹೆಂಗಸರು ಮೂಗಿಗೆ ಸೆರಗು ಹಿಡಿದೇ ಹೊರಗೆ ಬರುತ್ತಿದ್ದರು. ಅಸಹ್ಯಕ್ಕಲ್ಲ, ಹತ್ತಿಯ ದೂಳಿಗೆ. ಅದೊಂದು ಚಿಕ್ಕ ಪೆಟ್ರೋಲ್ ಪಿಕಪ್ಪು. ಹಿಂದಿನ ತೊಟ್ಟಿಯಲ್ಲಿ ಬೋಲ್ಟು ಬಿಗಿದು ಕೂರಿಸಿದ ಹತ್ತಿ ಹಿಂಜುವ ಯಂತ್ರ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಆ ಮನೆಯದೇ ಕರೆಂಟಿಗೆ ವೈರು ಕೊಟ್ಟು, ಕಲ್ಲಿನಂತೆ ಗಟ್ಟಿಯಾದ ಹಳೇ ಗಾದಿಯ ಅರಳೆಯನ್ನು ಮೋಡದಂತೆ ಹಿಂಜಿ, ಹೊಸ ಗಲೀಪಿಗೆ ತುಂಬಿ ಹೊಲಿದುಕೊಡುವುದು ಆಕೆಯ ಕಸುಬು.

ಗಂಡ ಮೌಲಾಸಾಬ್ ಒಂದು ಕಾಲಕ್ಕೆ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಬಿಳಿಚೋಡಿನವರೆಗೂ ನಡೆದು ಹೋಗಿ ಹಿಂಜಿ ಬಂದವನು. ಯಂತ್ರ ಬಂತು, ಗಾಡಿ ಬಂತು, ಅಷ್ಟರಲ್ಲಿ ಆತನ ಕಣ್ಣು ಮಸುಕಾಯಿತು. ಎದುರು ಬರುವ ಲಾರಿ ಒಂದೋ ಎರಡೋ ಎಂದು ಆತ ಹೆಂಡತಿಯನ್ನು ಕೇಳಿದ ದಿನವೇ ಚಮನಬಿ ಸ್ಟೇರಿಂಗು ಕಸಿದುಕೊಂಡಳು. ಊರಾಚೆಯ ಬಯಲಿನಲ್ಲಿ ತಾನೇ ಕಲಿತಳು. ಗಾಡಿ ಕೆಟ್ಟಾಗಲೆಲ್ಲ ಮೆಕ್ಯಾನಿಕ್ ದಾಸಪ್ಪನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇದೇನು ಅದೇನು ಎಂದು ಕೇಳಿ ಕೇಳಿ ಅವನ ಜೀವ ತಿನ್ನುತ್ತಿದ್ದಳು.

"ಚಮನಕ್ಕ, ನಿಮಗೆ ರಿಪೇರಿ ಬೇಕೋ, ಪಾಠ ಬೇಕೋ?" ಎಂದು ಅವನು ರೇಗಿದರೆ, "ಎರಡೂ ನಡೀಲಪ್ಪ. ಕೈ ಬೇರೆ ಐತೆ, ಬಾಯಿ ಬೇರೆ ಐತೆ" ಎನ್ನುತ್ತಿದ್ದಳು.

ಆ ದಿನ ಬೆಳಿಗ್ಗೆ ಗಾಡಿ ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ ಹೊರಡಬೇಕಿತ್ತು. ಅಲ್ಲಿಯ ಶಿವಗಂಗಮ್ಮನ ಮಗಳು ಮೇಘಶ್ರೀಗೆ ಮದುವೆ. ಗಂಡಿನ ಕಡೆಯವರು ಮರುದಿನ ಸಂಜೆ ಬಂದಿಳಿಯುವವರು. ಹಿಂಜುವವರು ಬರುವ ಹಿಂದಿನ ದಿನವೇ ಗಾದಿಗಳ ಹೊಲಿಗೆ ಬಿಚ್ಚಿ ಅರಳೆಯನ್ನು ಬಿಸಿಲಿಗೆ ಹರವುವುದು ಈ ಕಡೆಯ ರೂಢಿ. ಶಿವಗಂಗಮ್ಮನೂ ಮನೆಯ ಅಷ್ಟೂ ಗಾದಿಗಳ ಹೊಟ್ಟೆ ಸೀಳಿ ಮಾಳಿಗೆಯ ಮೇಲೆ ಹರವಿಬಿಟ್ಟಿದ್ದಳು.

ಚಮನಬಿ ಬಿಸ್ಮಿಲ್ಲಾ ಎಂದು ಚಾವಿ ತಿರುಗಿಸಿದಳು. ಎಂಜಿನ್ನು ಗರಗರ ತಿರುಗಿತೇ ಹೊರತು ಹಿಡಿಯಲಿಲ್ಲ. ಮತ್ತೆ ತಿರುಗಿಸಿದಳು. ಅದೇ ಗರಗರ.

ದಾಸಪ್ಪನಿಗೆ ಫೋನ್ ಹಚ್ಚಿದರೆ, ಅವನು ನೆಂಟರ ಮನೆಯ ಕಾರ್ಯಕ್ಕೆ ಜಗಳೂರಿಗೆ ಹೋಗಿ ಕೂತಿದ್ದ. "ಸೋಮವಾರ ಬರ್ತೀನಿ ಕಣಕ್ಕ" ಎಂದ. ಅಷ್ಟರಲ್ಲಿ ಶಿವಗಂಗಮ್ಮನ ಫೋನೇ ಬಂತು.

"ಚಮನಕ್ಕ, ಎಲ್ಲಿಗೆ ಬಂದ್ರಿ? ನನ್ನ ತಮ್ಮ ಒಂದೇ ಸಮ ಹಾರಾಡ್ತಾ ಅವನೆ. ಅರಳೆನೆಲ್ಲ ಮೂಟೆ ಕಟ್ಟಿ ಬಿಸಾಕು, ಫೋಮಿನ ಹಾಸಿಗೆ ತರ್ತೀನಿ ಅಂತಾನೆ. ನಾನು ತಡೆದು ನಿಲ್ಸೀನಿ."

"ತಡೀರಿ ಶಿವಗಂಗಮ್ಮಾರೆ, ಹಂಗೇ ತಡೀರಿ. ಇವತ್ತು ಕತ್ತಲಾಗೋದ್ರೊಳಗೆ ನಾನು ನಿಮ್ಮ ಅಂಗಳದಾಗಿರ್ತೀನಿ."

ಫೋನ್ ಇಟ್ಟವಳೇ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅತ್ತೆಯ ಕಾಲದಿಂದ ಹಿಂಜುತ್ತ ಬಂದ ಮನೆ ಅದು. ಊರಿಗೆಲ್ಲ ಹಿರಿಮನೆ. ಅಲ್ಲಿ ಒಮ್ಮೆ ಫೋಮು ಹೊಸ್ತಿಲು ದಾಟಿದರೆ ಇಡೀ ಬೀದಿ ಅದನ್ನೇ ಹಿಡಿಯುತ್ತದೆ. ಆಮೇಲೆ ಗೋವಿನಕೋವಿಯಲ್ಲಿ ಇವಳ ಯಂತ್ರಕ್ಕೆ ಕೆಲಸವೇ ಇರುವುದಿಲ್ಲ.

ಎದುರುಮನೆಯ ಕಲ್ಲೇಶಪ್ಪ ಹಲ್ಲುಜ್ಜುತ್ತ ಬಂದು ನಿಂತ. "ಏನ್ ಚಮನಕ್ಕ, ಗಾಡಿ ಮುನಿಸಿಕೊಂಡೈತಾ?"

"ಮುನಿಸಲ್ಲ ಕಲ್ಲೇಶಣ್ಣ, ಉಸಿರು ನಿಂತೈತೆ. ಸುಮ್ನಿರು, ಕೇಳಾಕೆ ಬಿಡು."

ಸೊಸೆ ರುಹೀನಾಳನ್ನು ಚಾವಿ ತಿರುಗಿಸಲು ಕೂರಿಸಿ, ತಾನು ನೆಲಕ್ಕೆ ಮಲಗಿ ಪೆಟ್ರೋಲ್ ಟ್ಯಾಂಕಿಗೆ ಕಿವಿ ಹಚ್ಚಿದಳು. ಚಾವಿ ಅರ್ಧ ತಿರುಗಿಸಿದೊಡನೆ ಟ್ಯಾಂಕಿಯೊಳಗಿನ ಪಂಪು ಜೇನಿನಂತೆ ಒಂದು ಗಳಿಗೆ ಗುಂಯ್ ಎನ್ನಬೇಕು. ಸದ್ದೇ ಇಲ್ಲ. ಫ್ಯೂಸು ತೆಗೆದು ನೋಡಿದಳು, ಸರಿಯಿತ್ತು. ಪಂಪಿಗೆ ಹೋಗುವ ವೈರಿಗೆ ಬಲ್ಬು ಹಚ್ಚಿ ನೋಡಿದಳು, ಫಳಕ್ಕನೆ ಹತ್ತಿತು. ಕರೆಂಟು ಬರುತ್ತಿದೆ, ಪಂಪೇ ಸತ್ತಿದೆ.

"ಟ್ಯಾಂಕಿ ಇಳಿಸಬೇಕು" ಎಂದಳು.

"ಲೇ, ತಲೆ ಕೆಟ್ಟೈತಾ ನಿಂಗೆ?" ಎಂದ ಮೌಲಾಸಾಬ್. "ಅದೇನು ಅನ್ನದ ತಪ್ಪಲೇನು, ಒಲೆ ಮೇಲಿಂದ ಇಳಿಸಾಕೆ?"

"ನೀವು ಮೊದ್ಲು ಆ ಬೀಡಿ ಆರಿಸ್ರಿ. ಇಲ್ಲಾಂದ್ರೆ ಟ್ಯಾಂಕಿ ತಾನೇ ಇಳೀತೈತೆ, ನಿಮ್ಮನ್ನೂ ಕರ್ಕೊಂಡು."

ಆತ ಬೀಡಿಯನ್ನು ನೀರಿನ ತೊಟ್ಟಿಗೇ ಹಾಕಿದ. ರುಹೀನಾ ಓಡಿಹೋಗಿ ಒಲೆ ಆರಿಸಿ ಬಂದಳು. ಚಮನಬಿ ಬ್ಯಾಟರಿಯ ವೈರು ಕಳಚಿ, ತಳದಲ್ಲಿದ್ದ ಚೂರುಪಾರು ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಪೈಪುಗಳನ್ನು ಬಿಡಿಸಿದಳು. ಟ್ಯಾಂಕಿ ಎರಡು ಕಬ್ಬಿಣದ ಪಟ್ಟಿಗಳಲ್ಲಿ ಗಾಡಿಯ ಹೊಟ್ಟೆಗೆ ನೇತುಬಿದ್ದಿತ್ತು. ಪಟ್ಟಿ ಬಿಚ್ಚಿದರೆ ದೊಪ್ಪನೆ ನೆಲಕ್ಕೆ. ದಾಸಪ್ಪನ ಹತ್ತಿರವಾದರೆ ಜಾಕು ಇರುತ್ತಿತ್ತು.

ಜಾಕು ಇಲ್ಲದಿದ್ದರೇನು, ಗಾದಿಗೆ ಬರವೇ? ಅತ್ತೆ ಸೊಸೆ ಸೇರಿ ಮನೆಯಲ್ಲಿದ್ದ ಹಳೇ ಗಾದಿಗಳನ್ನೆಲ್ಲ ಹೊತ್ತು ತಂದು, ಮಡಿಸಿ ಒಂದರ ಮೇಲೊಂದು ಟ್ಯಾಂಕಿಯ ಕೆಳಗೆ ತುರುಕಿದರು. ಪಟ್ಟಿ ಕಳಚಿದಾಗ ಟ್ಯಾಂಕಿ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಮೆಲ್ಲಗೆ ಗಾದಿಯ ಮೇಲೆ ಕೂತಿತು. ರುಹೀನಾ ಅದನ್ನು ಅವುಚಿ ಹಿಡಿದಳು, ಚಮನಬಿ ಕೆಳಗಿನಿಂದ ಒಂದೊಂದೇ ಗಾದಿ ಎಳೆದಳು. ಟ್ಯಾಂಕಿ ಒಂದೊಂದೇ ಮೆಟ್ಟಿಲು ಇಳಿದಂತೆ ನೆಲ ಮುಟ್ಟಿತು. ಕಲ್ಲೇಶಪ್ಪ ಹಲ್ಲುಜ್ಜುವುದನ್ನೇ ಮರೆತ.

ಟ್ಯಾಂಕಿಯ ನೆತ್ತಿಯ ಮೇಲಿನ ದೊಡ್ಡ ರಿಂಗು ಬಿಚ್ಚಿದರೆ ಪಂಪು. ರಿಂಗು ಅಲುಗಲಿಲ್ಲ. ಮೌಲಾಸಾಬ್ ಸುತ್ತಿಗೆ ತಂದ.

"ಕಬ್ಬಿಣ ಬ್ಯಾಡ್ರಿ, ಕಿಡಿ ಹಾರಿದ್ರೆ ಕೆಲಸ ಕೆಟ್ಟಂಗೆ. ನಿಮ್ಮ ಬಿಲ್ಲಿಗೆ ಬಡೀತಿದ್ರಲ್ಲ, ಆ ಮರದ ಕೊಡತಿ ತರ್ರಿ."

ಹಳೆಯ ಬಿಲ್ಲಿನ ತಂತಿಗೆ ಬಡಿಯುವ ಆ ಕೊಡತಿಯನ್ನು ಆತ ಬೇರೆಯವರಿಗೆ ಮುಟ್ಟಲೂ ಕೊಡುವವನಲ್ಲ. ತಂದು ತಾನೇ ಕೂತ. ಕಣ್ಣು ಮಸುಕಾದರೂ ಕೈಗೆ ತೂಕ ಗೊತ್ತಿತ್ತು. ಕಟ್ಟಿಗೆಯ ತುಂಡಿಟ್ಟು ಟಕ್ ಟಕ್ ಎಂದು ಸುತ್ತಲೂ ತಾಳ ಹಾಕಿದ. ರಿಂಗು ತಿರುಗಿ ಬಂತು.

ಪಂಪು ಹೊರಗೆ ಬಂದಾಗ ಸುಟ್ಟ ವಾಸನೆ ಹೊಡೆಯಿತು. ರುಹೀನಾ ಅದನ್ನೇ ಚೀಲದಲ್ಲಿ ಹಾಕಿಕೊಂಡು ಚನ್ನಗಿರಿಯ ಬಸ್ಸು ಹತ್ತಿದಳು. ಅಲ್ಲಿ ಬಿಡಿಭಾಗದ ಅಂಗಡಿಯ ಸಿದ್ದಲಿಂಗೇಶ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಥದ್ದೇ ಹೊಸದನ್ನು ತೆಗೆದಿಟ್ಟು, ಚಮನಬಿಗೆ ಫೋನ್ ಮಾಡಿದ. ಆಕೆ ಸ್ಪೀಕರ್ ಒತ್ತಿದಳು.

"ಅಮ್ಮಾ, ಯಾವಾಗ್ಲೂ ತಳದಾಗೆ ಒಂಚೂರು ಪೆಟ್ರೋಲ್ ಇಟ್ಕೊಂಡು ಓಡಿಸ್ತೀರಾ?"

"ಹೌದಪ್ಪ, ಅದು ನಿಂಗ್ ಹೆಂಗೆ ಗೊತ್ತು?"

"ಪಂಪೇ ಹೇಳ್ತೈತಲ್ಲ. ಇದು ಪೆಟ್ರೋಲಿನಾಗೆ ಮುಳುಗಿದ್ರೇನೇ ತಣ್ಣಗಿರೋದು. ಪೆಟ್ರೋಲ್ ಇಳಿದು ಮೈ ಹೊರಗೆ ಬಂದ್ರೆ ಕಾದು ಕಾದು ಸುಟ್ಟೋಗ್ತೈತೆ."

ಚಮನಬಿ ಕಲ್ಲೇಶಪ್ಪನ ಕಡೆ ದುರುಗುಟ್ಟಿ ನೋಡಿದಳು. ಟ್ಯಾಂಕಿ ತುಂಬಿಸಿದಾಗಲೆಲ್ಲ ಓಣಿಯ ಬೈಕುಗಳಿಗೆ ಬಾಯಾರಿಕೆ. ಬಂಕು ದೂರ, ಚಮನಕ್ಕನ ಗಾಡಿ ಹತ್ತಿರ. ಯಾರ್ಯಾರೋ ಪೈಪು ಇಳಿಬಿಟ್ಟು ಬಾಯಿಂದ ಪೆಟ್ರೋಲ್ ಎಳೆದುಕೊಳ್ಳುತ್ತಿದ್ದರು. ಅದಕ್ಕೇ ಆಕೆ ಹೋಗಿಬರುವಷ್ಟು ಮಾತ್ರ ಹಾಕಿಸಿ, ಎಲ್ಲರಿಗೂ ನಾಮ ಎಳೆದೆ ಎಂದು ಬೀಗಿದ್ದಳು.

"ಕೇಳಿಸ್ತಾ ಕಲ್ಲೇಶಣ್ಣ? ನಿಮ್ಮ ಬಾಯಿಗೆ ಹೆದರಿ ನನ್ನ ಪಂಪು ಒಣಗಿ ಸತ್ತೈತೆ."

"ನಾನು ಎಳೆದಿದ್ದು ಒಂದೇ ಸಲ ಕಣಕ್ಕ!"

"ಒಪ್ಪಿಕೊಂಡ್ಯಲ್ಲ, ಅಷ್ಟು ಸಾಕು. ಹಂಗಾದ್ರೆ ಕ್ಯಾನು ತಗೊಂಡು ಬಂಕಿಗೆ ಹೋಗಿ ತುಂಬಿಸ್ಕೊಂಡು ಬಾ."

ಊಟದ ಹೊತ್ತು ಮೀರಿದ ಮೇಲೆ ರುಹೀನಾ ಬಂದಳು. ಬಸ್ಸಿನಲ್ಲಿ ಹೊಸ ಪಂಪನ್ನು ಹಸುಗೂಸಿನಂತೆ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಚಮನಬಿ ರಿಂಗಿನ ಜಾಗ ಒರೆಸಿ, ಹೊಸ ರಬ್ಬರು ಕೂರಿಸಿ, ಪಂಪು ಇಳಿಬಿಟ್ಟು ಬಿಗಿದಳು. ಈಗ ಏರಿಸುವ ಕೆಲಸ. ಬಂಕಿನಿಂದ ಬಂದ ಕಲ್ಲೇಶಪ್ಪ ಒಂದು ಕಡೆ, ರುಹೀನಾ ಒಂದು ಕಡೆ ಎತ್ತಿದಂತೆಲ್ಲ ಚಮನಬಿ ಅಡಿಗೆ ಗಾದಿ ತುರುಕಿದಳು. ಕಡೆಯ ನಾಲ್ಕು ಬೆರಳು ಮಾತ್ರ ಏನು ಮಾಡಿದರೂ ಏರದು. ಆಗ ಆಕೆ ಮೇಲಿನ ಗಾದಿಯ ಹೊಲಿಗೆ ಹರಿದು, ಅದರ ಹೊಟ್ಟೆಗೇ ಹಿಡಿ ಹಿಡಿಯಾಗಿ ಅರಳೆ ತುಂಬುತ್ತ ಹೋದಳು. ಜೀವನವೆಲ್ಲ ಗಾದಿ ತುಂಬಿದ ಕೈ. ಎಲ್ಲಿ ಎಷ್ಟು ಒತ್ತಿದರೆ ಎಷ್ಟು ಉಬ್ಬುತ್ತದೆಂದು ಅದಕ್ಕೆ ಹೇಳಿಕೊಡಬೇಕೆ? ಗಾದಿ ಉಬ್ಬಿತು, ಟ್ಯಾಂಕಿ ಏರಿತು, ಪಟ್ಟಿಯ ಬೋಲ್ಟು ತನ್ನ ತೂತಿಗೆ ಬಾಯಿಟ್ಟಿತು.

ಪೈಪು ಸೇರಿಸಿ, ಬ್ಯಾಟರಿ ಕೊಟ್ಟು, ಚಾವಿ ಅರ್ಧ ತಿರುಗಿಸಿದಳು. ಟ್ಯಾಂಕಿಯೊಳಗೆ ಗುಂಯ್!

"ಜೀವ ಬಂತು ಅತ್ತೇ!" ಎಂದು ರುಹೀನಾ ಕುಣಿದಳು. ಪೂರ್ತಿ ತಿರುಗಿಸಿದರೆ ಮತ್ತೆ ಅದೇ ಗರಗರ. ಮತ್ತೆ ತಿರುಗಿಸಿದಳು, ಗರಗರ. ಚಮನಬಿಯ ಮುಖ ಬಾಡಿತು. ಹೊತ್ತು ಇಳಿಯುತ್ತಿತ್ತು. ಎಲ್ಲಿ ತಪ್ಪಿದೆನೆಂದು ಆಕೆ ಮತ್ತೆ ಗಾಡಿಯ ಕೆಳಗೆ ನುಸುಳಲು ಹೊರಟಾಗ ಮೌಲಾಸಾಬ್ ಕೆಮ್ಮಿದ.

"ಚಮನಾ, ನನ್ನ ಕಣ್ಣು ಮಸುಕೇ ಬಿಡು. ಆದ್ರೂ ಕೇಳ್ತೀನಿ. ಆ ಕಟ್ಟೆ ಮೇಲೆ ಎರಡು ಕ್ಯಾನು ಕುಂತಾವಲ್ಲ, ಅವೇನು ಮೆರವಣಿಗೆ ನೋಡಾಕೆ ಬಂದಾವೇನು?"

ಇಳಿಸಿದ ಪೆಟ್ರೋಲು, ತಂದ ಪೆಟ್ರೋಲು ಎರಡೂ ಕಟ್ಟೆಯ ಮೇಲೇ ಇದ್ದವು. ಓಣಿಗೆ ಓಣಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಚಮನಬಿ. ಎರಡು ಕ್ಯಾನನ್ನೂ ಹೊಯ್ದಳು. ಚಾವಿಯನ್ನು ಅರ್ಧಕ್ಕೆ ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಿ, ಪೈಪಿಗೆಲ್ಲ ಪೆಟ್ರೋಲ್ ಏರಲು ಬಿಟ್ಟಳು. ಆಮೇಲೆ ಪೂರ್ತಿ ತಿರುಗಿಸಿದಳು. ಎಂಜಿನ್ನು ಒಮ್ಮೆ ತೊದಲಿ, ಹಿಡಿದು, ಗರ್ಜಿಸಿತು. ಕಲ್ಲೇಶಪ್ಪ ಯಾರೂ ಹೇಳದೆಯೇ ಶಿಳ್ಳೆ ಹೊಡೆದ.

ಮಾತು ಕೊಟ್ಟಂತೆಯೇ, ಹೊನ್ನಾಳಿ ದಾಟಿ, ಕತ್ತಲಾಗುವ ಮುಂಚೆ ಗಾಡಿ ಗೋವಿನಕೋವಿಯ ಅಂಗಳ ಸೇರಿತು. ಮರುದಿನ ನಸುಕಿನಿಂದಲೇ ಯಂತ್ರ ಹಾಡತೊಡಗಿತು. ಮಾಳಿಗೆಯಿಂದ ಇಳಿದ ಗಂಟುಗಂಟು ಅರಳೆ ಯಂತ್ರದ ಬಾಯಿಂದ ಒಳಗೆ ಹೋಗಿ ಬೆಳ್ಳಗೆ ಉಕ್ಕಿ ಬಂತು. ರುಹೀನಾ ತುಂಬಿದಳು, ಚಮನಬಿ ದಬ್ಬಣ ಹಿಡಿದು ಹೊಲಿದಳು. ಫೋಮಿನ ತಮ್ಮ ಅತ್ತಿತ್ತ ಸುಳಿದಾಡಿ, ಒಂದು ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿ, ಹೋಗಿ ಎಲ್ಲರಿಗೂ ಚಹಾ ತಂದುಕೊಟ್ಟ.

ಗಂಡಿನ ಕಡೆಯ ಬಸ್ಸು ಊರ ಬಾಗಿಲಿಗೆ ಬಂದಾಗ ನಡುಮನೆಯಲ್ಲಿ ಗಾದಿಗಳ ಸಾಲು ಹಾಸಿಯಾಗಿತ್ತು. ಶಿವಗಂಗಮ್ಮ ಚಮನಬಿಯ ಕೈ ಹಿಡಿದೆಳೆದಳು.

"ಬರ್ರಿ, ಮೊದ್ಲು ನೀವು ಕುಂತ್ಕೊಳ್ರಿ."

"ಅಯ್ಯೋ, ನನ್ನ ಸೀರೆಗೆ ಗ್ರೀಸು ಮೆತ್ತೈತೆ. ಬೀಗರು ಬಂದ್ರು, ಅವರು ಕುಂತ್ಕೊಳ್ಳಿ."

"ಬೀಗರು ಬಸ್ಸಿನಾಗೆ ಕುಂತೇ ಬಂದಾರೆ. ನೀವು ಕುಂತಿಲ್ಲ."

ಚಮನಬಿ ಕೂತಳು. ಗಾದಿ ಆಕೆಯನ್ನು ಒಮ್ಮೆ ಒಳಗೆಳೆದು ಮೇಲೆತ್ತಿತು. ಹೊರಗೆ ವಾಲಗ ಶುರುವಾಯಿತು, ಬೀಗರ ಚಪ್ಪಲಿಗಳ ಸದ್ದು ಪಡಸಾಲೆಗೆ ಬಂತು. ಆಕೆ ಏಳಲಿಲ್ಲ. ಕಾಲು ಚಾಚಿ, ಬೆನ್ನನ್ನು ಗೋಡೆಗೆ ಕೊಟ್ಟು, ಬಂದವರನ್ನು ಕೂತಲ್ಲಿಂದಲೇ ಕರೆದಳು: "ಬರ್ರಿ, ಬರ್ರಿ, ಒಳಗೆ ಬರ್ರಿ. ಹಾಸಿಗೆ ತಯಾರೈತೆ."