ತಡವಾಗಿ ಬಂದ ಗೇಮ್ ಶೋ

ಆ ಹುಡುಗಿಯ ಅಮ್ಮ ಆಟದಲ್ಲಿ ಸೋಲುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಪಕ್ಕದಲ್ಲಿ ಕೂತು ನೋಡಬೇಕಾಯಿತು. ಮೆಲ್ಬರ್ನಿನ ಕ್ರಾನ್‌ಬರ್ನ್‌ಗೆ ಬಂದ ಮೇಲೂ ಟಿವಿಯಲ್ಲಿ ಯಾವುದಾದರೂ ಗೇಮ್ ಶೋ ಶುರುವಾದರೆ ಪಾತ್ರೆ ತೊಳೆಯುವ ನೆಪ ಹೇಳಿ ಎದ್ದುಹೋಗುತ್ತೇನೆ.

ಆಗ ನಾವು ಸಿಡ್ನಿಯಲ್ಲಿದ್ದೆವು. ರೆಂಟ್ ಹಗುರಾಗಲೆಂದು ಒಂದು ರೂಮನ್ನು ಥಾಯ್ ಹುಡುಗಿಯೊಬ್ಬಳಿಗೆ ಕೊಟ್ಟಿದ್ದೆವು. ಅವಳಿಗೆ ರೆಸ್ಟೋರೆಂಟಿನಲ್ಲಿ ಅಡುಗೆ ಕೆಲಸ. ನನ್ನನ್ನು ತನ್ನ ಭಾಷೆಯಲ್ಲಿ ಅಕ್ಕ ಎಂದೇ ಕರೆಯುತ್ತಿದ್ದಳು. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಅವಳ ಪಿಆರ್ ಅರ್ಜಿ ವರ್ಷಗಳಿಂದ ಎಲ್ಲೋ ಕೊಳೆಯುತ್ತಿತ್ತು. ಅದು ಇತ್ಯರ್ಥವಾಗುವ ಮೊದಲು ದೇಶ ಬಿಟ್ಟರೆ ವಾಪಸ್ ಬರುವಂತಿರಲಿಲ್ಲ. ಹಾಗಾಗಿ ಅಮ್ಮನೇ ಬರಬೇಕು. ಅಮ್ಮನೋ ಸಂತೆಯಲ್ಲಿ ಮೀನು ಸುಟ್ಟು ಮಾರುವವರು, ವಿಮಾನದ ಟಿಕೆಟ್ ಎಲ್ಲಿಂದ ತಂದಾರು? ಬ್ಯಾಂಕಾಕಿನ ಒಂದು ಗೇಮ್ ಶೋಗೆ ಹೆಸರು ಕೊಟ್ಟರು. ಗೆದ್ದವರಿಗೆ ಕೇಳಿದ್ದನ್ನು ಕೊಡುವ ಶೋ ಅದು. ಅವರು ಕೇಳಿದ್ದು ಸಿಡ್ನಿಯ ಟಿಕೆಟ್.

ಅಲ್ಲಿ ಪ್ರಸಾರವಾದ ಶೋಗಳು ಇಲ್ಲಿಯ ಥಾಯ್ ಅಂಗಡಿಗೆ ಬಾಡಿಗೆ ಕ್ಯಾಸೆಟ್ಟಾಗಿ ಬರುತ್ತಿದ್ದದ್ದು ವಾರಗಳು ಕಳೆದ ಮೇಲೆ. ಯಾರಾದರೂ ಬಾಯಿ ತಪ್ಪಿ ಫಲಿತಾಂಶ ಹೇಳಿಬಿಟ್ಟಾರೆಂದು ಹುಡುಗಿ ಊರಿಗೆ ಫೋನ್ ಮಾಡುವುದನ್ನೇ ನಿಲ್ಲಿಸಿದ್ದಳು. ಅಮ್ಮನ ಜೊತೆಗೇ ಆಡಬೇಕಂತೆ! ನನ್ನ ಹಣೆಬರಹ, ಕ್ಯಾಸೆಟ್ ತರಲು ನಾನೇ ಹೋದೆ. ಬಾಡಿಗೆಗೆ ಕೊಡುವ ಮೊದಲು ಎಲ್ಲವನ್ನೂ ನೋಡಿ ಮುಗಿಸುವ ಅಂಗಡಿಯ ಆಂಟಿ ತಲೆ ಅಲ್ಲಾಡಿಸಿ, "ಮದರ್ ನೋ ವಿನ್. ಯು ಡೋಂಟ್ ಟೆಲ್," ಎಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ವಿಡಿಯೊ ಗೇಮ್ ಆಡುತ್ತಿದ್ದರು. ಭಾನುವಾರ ಅವರಿಗೆ ಬೇರೆ ಸಂಸಾರವಿಲ್ಲ.

"ಗೇಮ್ ಅಲ್ವಾ ಮಾರಾಯ್ತಿ, ಸೋತ್ರೆ ಇನ್ನೊಂದ್ಸಲ ಆಡ್ತಾರೆ."

ಆ ಕಂಟ್ರೋಲರ್ ಕಿತ್ತು ಕಿಟಕಿಯಾಚೆ ಎಸೆಯಬೇಕೆನಿಸಿತು. "ಅವಳಿಗೆ ಹೇಳಿಬಿಡ್ಲಾ?" ಎಂದೆ.

"ಹೇಳಿದ್ರೆ ಅವಳಮ್ಮ ಗೆಲ್ತಾರಾ?"

ಕ್ಯಾಸೆಟ್ಟನ್ನು ಟಿವಿಯ ಮೇಲಿಟ್ಟು ಅಡುಗೆಮನೆಗೆ ಹೋದೆ.

ಮಧ್ಯಾಹ್ನ ಅವಳು ಟಿವಿಯ ಪಕ್ಕದಲ್ಲಿ ಕೆಂಪು ಜ್ಯೂಸಿನ ಬಾಟಲಿಗೆ ಸ್ಟ್ರಾ ಹಾಕಿ ಇಟ್ಟಳು. ಮನೆ ಕಾಯುವ ಅವರ ದೈವಕ್ಕೆ ಅದು ಇಷ್ಟವಂತೆ. ಎಂದೋ ಆಡಿ ಮುಗಿಸಿದ ಆಟಕ್ಕೆ ಈಗ ಹರಕೆ. ನಗು ಬರಬೇಕಿತ್ತು, ಬರಲಿಲ್ಲ. ನಾನೂ ಕೈ ಮುಗಿದೆ.

ಕ್ಯಾಸೆಟ್ ಹಾಕಿದೆವು. ಅವಳ ಅಮ್ಮ ಕುಳ್ಳಗಿನ ಹೆಂಗಸು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಿಟ್ಟಿನ ತಟ್ಟೆಯಲ್ಲಿ ಮುಖ ಹುದುಗಿಸಿ, ಬಾಯಿಂದಲೇ ನಾಣ್ಯ ಹುಡುಕುತ್ತಿದ್ದರು. ಟೊಂಯ್ ಟೊಂಯ್ ಎಂಬ ಸದ್ದು, ಜನರ ನಗು. ನಾಣ್ಯ ಸಿಕ್ಕಾಗ ಹುಡುಗಿ ನನ್ನ ತೋಳು ಹಿಡಿದು ಕುಣಿದಳು. ನಾನೂ ಚಪ್ಪಾಳೆ ತಟ್ಟಿದೆ. ಥೂ, ಎಂಥ ಚಪ್ಪಾಳೆ ಅದು!

ಕೊನೆಗೆ ಮೂರು ಬಾಗಿಲು, ಒಂದರ ಹಿಂದೆ ಟಿಕೆಟ್. ಇವಳು ಎಡಗಡೆಯ ಬಾಗಿಲಿಗೆ ಬೆರಳು ಮಾಡಿ ಟಿವಿಯ ಕಡೆಗೇ ಕೂಗಿ ಹೇಳಿದಳು. ಅಮ್ಮ ನಡುವಿನದನ್ನು ತೆರೆದರು. ಡೋಲು ಬಡಿಯುತ್ತ ಒಬ್ಬ ವಿದೂಷಕ ಹೊರಬಂದ. ಟಿಕೆಟ್ ಎಡಗಡೆಯೇ ಇತ್ತು.

ನಿರೂಪಕ ಅಮ್ಮನ ಹೆಗಲು ತಟ್ಟಿ ಏನೋ ಹೇಳಿದ. "ಮಗಳು ನೋಡ್ತಿರ್ತಾಳೆ, ಕೈ ಬೀಸಿ ಅಂತಿದ್ದಾನೆ," ಎಂದು ಹುಡುಗಿ ಇಂಗ್ಲಿಷಿನಲ್ಲಿ ನನಗೆ ಮೆಲ್ಲಗೆ ತಿಳಿಸಿದಳು. ಕಣ್ಣಿಗೆ ಹಿಟ್ಟು ಹೋಗಿದ್ದ ಅಮ್ಮನಿಗೆ ಯಾವ ಕ್ಯಾಮೆರಾ ಎಂದು ತಿಳಿಯಲಿಲ್ಲ. ಸೋಫಾದಲ್ಲಿದ್ದ ನಮ್ಮನ್ನು ಬಿಟ್ಟು, ಮೂಲೆಯಲ್ಲಿ ಒಗೆದ ಬಟ್ಟೆ ರಾಶಿ ಹಾಕಿದ್ದ ಕುರ್ಚಿಯ ಕಡೆ ತಿರುಗಿ ನಗುತ್ತ ಕೈ ಬೀಸಿದರು.

ಹುಡುಗಿ ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಎದ್ದುಹೋಗಿ ಆ ಬಟ್ಟೆಗಳನ್ನೆಲ್ಲ ನೆಲಕ್ಕೆ ಸರಿಸಿ ಕುರ್ಚಿಯಲ್ಲಿ ಕೂತಳು.

"ಈಗ ಹಾಕಿ, ಅಕ್ಕ."

ಹಾಕಿದೆ. ಅಮ್ಮ ಕೈ ಬೀಸಿದರು. ಇವಳೂ ಬೀಸಿದಳು.

"ಇನ್ನೊಂದು ಸಲ," ಎಂದಳು.